ಗ್ರಹಣದ ದಿನ ಪಂಪ್ ಬದಲಿಸಿದ್ದು

ಕೊಳಚೆ ನೀರಿನ ಘಟಕಕ್ಕೆ ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ವಾರ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಈ ವಾಸನೆ ಯಾವಾಗ ಹೋಗುತ್ತೆ ಅಂತ. ವಾಸನೆ ಹೋಗುವುದಿಲ್ಲ, ಮೂಗು ಹೋಗುತ್ತೆ ಎಂದು ನಾನು ಹೇಳುತ್ತಿದ್ದೆ. ಇಪ್ಪತ್ತಾರು ವರ್ಷ ಅಲ್ಲಿ ಪಂಪ್ ಆಪರೇಟರ್ ಆಗಿದ್ದ ನನಗೆ ಈಗ ನಿವೃತ್ತಿಯಾದ ಮೇಲೆ ಮೂಗು ಸ್ವಲ್ಪ ಸ್ವಲ್ಪವೇ ವಾಪಸ್ ಬರುತ್ತಿದೆ. ಮೊನ್ನೆ ಒಗ್ಗರಣೆ ಘಮ ಚೆನ್ನಾಗಿದೆ ಎಂದದ್ದಕ್ಕೆ ಹೆಂಡತಿ, "ಹಂಗಾದ್ರೆ ಇಷ್ಟು ವರ್ಷ ಏನು ಉಂಡ್ರಿ ನೀವು" ಎಂದು ಕೇಳಿದಳು.

ಊರಿನ ಹೆಸರು ಬರೆಯುವುದಿಲ್ಲ. ನನ್ನ ಜೊತೆಯವರು ಇನ್ನೂ ಅಲ್ಲಿ ಸರ್ವೀಸಿನಲ್ಲಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ ಸಾಕು. ಹಿರಿಯೂರಿನವರು ಅದು ಹೊಸದುರ್ಗ ಅಂದುಕೊಳ್ಳಲಿ, ಹೊಸದುರ್ಗದವರು ಹೊಳಲ್ಕೆರೆ ಅಂದುಕೊಳ್ಳಲಿ. ನಾನು ಮಾತ್ರ ಜವನಗೊಂಡನಹಳ್ಳಿಯವನು, ಅದನ್ನು ಮುಚ್ಚಿಡುವ ಕಾರಣವಿಲ್ಲ.

ಹೊಸಬರಿಗೆ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮಾರಿಕಣಿವೆ ಡ್ಯಾಮಿನಿಂದ ನೀರು ಬರುತ್ತೆ, ಊರಿನವರು ಕುಡಿಯುತ್ತಾರೆ, ಮೀಯುತ್ತಾರೆ, ತೊಳೆಯುತ್ತಾರೆ. ಆಮೇಲೆ ಅದು ಯಾರಿಗೂ ಬೇಡ. ನೆಲದೊಳಗಿನ ಪೈಪಿನಲ್ಲಿ ಹರಿದು ಊರಾಚೆ ನಮ್ಮಲ್ಲಿಗೆ ಬಂದು ಒಂದು ಆಳವಾದ ಬಾವಿಗೆ ಬೀಳುತ್ತೆ. ಆ ಬಾವಿಯಿಂದ ಅದನ್ನು ಪಂಪಿನಲ್ಲಿ ಎತ್ತಿ ಶುದ್ಧೀಕರಣದ ತೊಟ್ಟಿಗಳಿಗೆ ಹಾಕುವುದು ನಮ್ಮ ಕೆಲಸ. ಪಂಪ್ ನಿಂತರೆ ಬಾವಿ ತುಂಬುತ್ತೆ. ಬಾವಿ ತುಂಬಿದರೆ ಮೇಲಿನ ಕಂಡಿಯಿಂದ ಕೊಳಚೆ ಹೊರಗೆ ಬಿದ್ದು ಸೀದಾ ಕೆಳಗಿನ ಹಳ್ಳಕ್ಕೆ ಹೋಗುತ್ತೆ. ನಮ್ಮ ಕೆಲಸದಲ್ಲಿ ಹೆದರಬೇಕಾದದ್ದು ಇದೊಂದಕ್ಕೆ. ಮೇಲಿನವರು ಬೈಯುವುದಕ್ಕೆಲ್ಲ ಹೆದರಬೇಡಿ, ಅವರು ವರ್ಗವಾಗಿ ಹೋಗುತ್ತಾರೆ.

ಆ ಬಾವಿಯ ಪಕ್ಕ ನಾಲ್ಕು ವರ್ಷ ನಿಂತರೆ ಊರಿನ ಜಾತಕ ಗೊತ್ತಾಗುತ್ತೆ. ಬೆಳಿಗ್ಗೆ ಆರಕ್ಕೆ ಊರು ಎದ್ದರೆ ಏಳಕ್ಕೆ ನಮ್ಮ ಬಾವಿ ಏಳುತ್ತೆ. ನಲ್ಲಿಯಲ್ಲಿ ನೀರು ಬಿಡುವ ದಿನ ಒಂದು ಲೆಕ್ಕ, ಬಿಡದ ದಿನ ಇನ್ನೊಂದು ಲೆಕ್ಕ. ದೀಪಾವಳಿಗೆ ಎಣ್ಣೆ ಜಿಡ್ಡು ತೇಲುತ್ತೆ, ಹೋಳಿ ಮಾರನೆಯ ದಿನ ನೀರು ಕೆಂಪಗೆ ಬರುತ್ತೆ. ಲಗ್ನದ ತಿಂಗಳಲ್ಲಿ ಬಾಳೆ ಎಲೆ. ಅದನ್ನು ತಡೆಯಲೆಂದೇ ಬಾವಿಯ ಮುಂದೆ ಒಂದು ಕಬ್ಬಿಣದ ಜಾಲರಿ ಇರುತ್ತೆ. ಅದರಲ್ಲಿ ಏನೇನು ಸಿಗುತ್ತಿತ್ತು ಅಂತ ಬರೆದರೆ ಬೇರೆಯದೇ ಪುಸ್ತಕವಾಗುತ್ತೆ.

ಒಂದು ಸಲ ಹಲ್ಲಿನ ಸೆಟ್ ಸಿಕ್ಕಿತು. ಮೇಲಿನ ಸಾಲು, ಒಳ್ಳೆಯ ಸ್ಥಿತಿಯಲ್ಲೇ ಇತ್ತು. ನಾನು ತಮಾಷೆಗೆ ಅದನ್ನು ತೊಳೆದು ಕಿಟಕಿ ಮೇಲೆ ಇಟ್ಟೆ. ಮೂರನೆಯ ದಿನ ಬಿಳಿ ಪಂಚೆಯುಟ್ಟ ಯಜಮಾನರೊಬ್ಬರು ಗೇಟಿಗೆ ಬಂದು ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು, "ಏನಪ್ಪ, ಇಲ್ಲೇನಾದ್ರೂ ಹಲ್ಲು ಬಂದಾವೇನು" ಎಂದರು. ವಾಂತಿ ಮಾಡುವಾಗ ಬಿದ್ದು ಹೋಗಿತ್ತಂತೆ. ಕಿಟಕಿ ತೋರಿಸಿದೆ. ಅವರು ಅಲ್ಲೇ ನಲ್ಲಿ ಕೆಳಗೆ ಹಿಡಿದು ಎರಡು ಸಲ ತೊಳೆದು ಬಾಯಿಗೆ ಹಾಕಿಕೊಂಡು, ಕಡಿದು ನೋಡಿ, "ಹ್ಞೂಂ, ನಮ್ಮವೇ" ಎಂದರು. ಆಮೇಲೆ ಎರಡು ದಿನ ನಮ್ಮ ಯಾರಿಗೂ ಊಟ ಸೇರಲಿಲ್ಲ. ಅವರಿಗೆ ಸೇರಿರಬೇಕು.

ಪಂಪುಗಳ ವಿಷಯಕ್ಕೆ ಬರುತ್ತೇನೆ. ನಾನು ಸೇರಿದಾಗ ಮೂರು ಪಂಪು ಇದ್ದವು. ಬಾವಿಯ ಪಕ್ಕದ ಒಣ ಕೋಣೆಯಲ್ಲಿ ಆಳೆತ್ತರಕ್ಕೆ ನಿಂತಿದ್ದವು. ತಯಾರಿಸಿದ ಕಂಪನಿ ನಾನು ಸೇರಿದ ಆರೇ ವರ್ಷಕ್ಕೆ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ಒಂದು ಪಂಪಿನ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕುವುದೇ ರಿಪೇರಿ. ಹಾಗೆ ಮೂರು ಹೋಗಿ ಎರಡಾಯಿತು, ಎರಡು ಹೋಗಿ ಒಂದಾಯಿತು. ಉಳಿದ ಒಂದಕ್ಕೆ ನೀರು ಸೋರದಂತೆ ಸೆಣಬಿನ ಹಗ್ಗಕ್ಕೆ ಗ್ರೀಸ್ ಸವರಿ ತುರುಕುತ್ತಿದ್ದೆವು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಪಂಪಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಒಳಗೆ ಬೇರಿಂಗ್ ಏನು ಹೇಳುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಓಬಣ್ಣನ ಕಿವಿ ಅಂತ ಜಿಲ್ಲೆಯಲ್ಲೆಲ್ಲ ಹೆಸರಾಗಿತ್ತು. ಬೇರೆ ಊರಿನ ಘಟಕದವರೂ ಕರೆಸಿ ಕೇಳಿಸಿಕೊಳ್ಳುತ್ತಿದ್ದರು. ನನಗೆ ಅದರ ಅಹಂಕಾರ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತೆ.

ಈಗ ನಾನು ಹೇಳಲು ಇಷ್ಟವಿಲ್ಲದ ಒಂದು ಸಂಗತಿ. ಪಂಪ್ ಬದಲಿಸಿದ ಆ ಗ್ರಹಣಕ್ಕೆ ಮೂರು ವರ್ಷ ಮುಂಚೆ ಒಂದು ಮಧ್ಯಾಹ್ನ ಆ ಒಂಟಿ ಪಂಪು ಕೈ ಕೊಟ್ಟಿತು. ರಿಪೇರಿ ಮಾಡುವಷ್ಟರಲ್ಲಿ ಬಾವಿ ತುಂಬಿ ಕೊಳಚೆ ಒಂದು ಗಂಟೆ ಹಳ್ಳಕ್ಕೆ ಹೋಯಿತು. ಆಗಿದ್ದ ಎಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ಘಟಕದ ಗೇಟು ದಾಟಿ ಒಳಗೆ ಬಂದವರೇ ಅಲ್ಲ, ಜೀಪಿನಲ್ಲೇ ಕೂತು ಸಹಿ ಹಾಕುತ್ತಿದ್ದರು. "ಯಾರಿಗೂ ಬಾಯಿ ಬಿಡಬೇಡ, ಹರ್ಕೊಂಡು ಹೋಗುತ್ತೆ ಬಿಡು" ಎಂದರು. ನಾನು ಬಾಯಿ ಬಿಡಲಿಲ್ಲ.

ಹಳ್ಳದಲ್ಲಿ ಒಂದು ಮೈಲಿ ಕೆಳಗೆ ಸಣ್ಣ ಚೆಕ್‌ಡ್ಯಾಮ್ ಇದೆ. ಕರಿಯಮ್ಮ ಎಂಬ ಅಜ್ಜಿ ತನ್ನ ನೂರಿಪ್ಪತ್ತು ಕುರಿಗಳಿಗೆ ನೀರು ಕುಡಿಸುವುದು ಅಲ್ಲಿ. ಅವಳ ಹಟ್ಟಿ ಪಕ್ಕದ ದಿಬ್ಬದ ಮೇಲಿತ್ತು. ಆ ಸಂಜೆ ಕುರಿಗಳು ಅದೇ ನೀರು ಕುಡಿದವು. ನನಗೆ ಮನಸ್ಸು ತಡೆಯದೆ ಮಾರನೆಯ ಬೆಳಿಗ್ಗೆ ಪಶು ಆಸ್ಪತ್ರೆಯಿಂದ ಭೇದಿ ನಿಲ್ಲಿಸುವ ಮಾತ್ರೆ ತೆಗೆದುಕೊಂಡು, ಸುಮ್ಮನೆ ಆ ಕಡೆ ಹೋಗುತ್ತಿದ್ದವನಂತೆ ಹಟ್ಟಿಗೆ ಹೋದೆ. ಒಂಬತ್ತು ಮರಿ ಸತ್ತಿದ್ದವು. ಸಾಲಾಗಿ ಮಲಗಿಸಿದ್ದಳು. "ನೀರಿನಾಗೆ ಏನಾದ್ರೂ ಸೇರಿತ್ತೇನಪ್ಪ, ನೀನು ಅಲ್ಲೇ ಕೆಲಸ ಮಾಡೋನು" ಎಂದು ಕೇಳಿದಳು. "ನಂಗೇನು ಗೊತ್ತಜ್ಜಿ" ಎಂದೆ. ಮಾತ್ರೆ ಕೊಟ್ಟು ಬಂದೆ. ಆ ದಿನ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಇನ್ನೊಂದು ಸಲ ಆ ಕುರಿಗಳ ಬಾಯಿಗೆ ಕೊಳಚೆ ಹೋಗಬಾರದು, ನಾನು ನಿವೃತ್ತಿಯಾಗುವ ಮುಂಚೆ ಹೊಸ ಪಂಪು ಬರಲೇಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ. ಆಮೇಲೆ ಬರೆದ ಅರ್ಜಿಗಳನ್ನು ಎಣಿಸಿಲ್ಲ.

ಕೊನೆಗೂ ಪಂಪು ಬಂದದ್ದು ಶೈಲಜಾ ಮೇಡಂ ಎಂಜಿನಿಯರ್ ಆಗಿ ಬಂದ ಮೇಲೆ. ಹೊಸದುರ್ಗದ ಕಡೆಯವರು, ಮೂವತ್ತರ ಒಳಗಿನ ವಯಸ್ಸು. ಬಂದ ಮೊದಲ ದಿನವೇ ಗಂಬೂಟು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ಎಂಜಿನಿಯರೊಬ್ಬರು ಗಂಬೂಟು ಕೇಳಿದ್ದು ಅದೇ ಮೊದಲು, ಅವರ ಅಳತೆಯದು ಇರಲೇ ಇಲ್ಲ. ನನ್ನದನ್ನೇ ಹಾಕಿಕೊಂಡು ಬಾವಿ, ಪಂಪಿನ ಕೋಣೆ ಎರಡನ್ನೂ ಇಳಿದು ನೋಡಿ ಬಂದು, "ಓಬಣ್ಣ, ಇದು ಪಂಪಲ್ಲ, ಮ್ಯೂಸಿಯಂ" ಎಂದರು. ಹತ್ತು ತಿಂಗಳಲ್ಲಿ ಎರಡು ಹೊಸ ಪಂಪು ಲಾರಿಯಿಂದ ಇಳಿದವು. ನೀರಿನೊಳಗೇ ಮುಳುಗಿ ಓಡುವ ಜಾತಿಯವು. ಮುಟ್ಟುವಂತಿಲ್ಲ, ಕಾಣುವುದಿಲ್ಲ. ಇದಕ್ಕೆ ಕಿವಿ ಎಲ್ಲಿಡುವುದು ಅಂತ ನನಗೆ ಒಳಗೊಳಗೇ ಕಿರಿಕಿರಿ.

ಹಳೆಯದನ್ನು ಕಿತ್ತು ಹೊಸದನ್ನು ಜೋಡಿಸಬೇಕಾದರೆ ದೊಡ್ಡ ಪೈಪನ್ನು ಕತ್ತರಿಸಬೇಕು. ಅಂದರೆ ಮೂರು ತಾಸು ಯಾವ ಪಂಪೂ ಓಡುವಂತಿಲ್ಲ. ಊರಿನ ನೀರು ಕಡಿಮೆ ಬರುವ ಮೂರು ತಾಸು ಯಾವುದು ಎಂದು ಮೇಡಂ ಕೇಳಿದರು. ಇಲ್ಲಿ ನೋಡಿ ನನ್ನ ಬುದ್ಧಿ ಓಡಿದ್ದು. ಮುಂದಿನ ವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಸೂರ್ಯಗ್ರಹಣ ಇತ್ತು. ಗ್ರಹಣ ಹಿಡಿದಾಗ ನಮ್ಮೂರಲ್ಲಿ ಯಾರು ಒಲೆ ಹಚ್ಚುತ್ತಾರೆ, ಯಾರು ಮೀಯುತ್ತಾರೆ? ಬಾಗಿಲು ಹಾಕಿಕೊಂಡು ಕೂರುತ್ತಾರೆ. ಅದರ ಮೇಲೆ ಅವತ್ತು ನಲ್ಲಿ ನೀರಿನ ಸರದಿಯೂ ಇರಲಿಲ್ಲ. ಹೇಳಿದೆ. ಮೇಡಂ ಖುಷಿಯಾದರು. ಆದರೂ, "ಒಂದು ಬಾಡಿಗೆ ಡೀಸೆಲ್ ಪಂಪು ತರಿಸಿ ಇಟ್ಕೊಳ್ಳೋಣ್ವಾ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ" ಎಂದರು.

"ಏನೂ ಬೇಕಾಗಲ್ಲ ಮೇಡಂ. ಈ ಊರಿನ ನೀರು ನನ್ ಕೇಳಿ ಹರೀತೈತೆ" ಎಂದೆ.

ಗ್ರಹಣದ ದಿನ ಏಳೂವರೆಗೆ ಚಿತ್ರದುರ್ಗದಿಂದ ಕ್ರೇನ್ ಬಂತು. ಎಂಟಕ್ಕೆ ಹಳೆಯ ಪಂಪು ನಿಲ್ಲಿಸಿದೆ. ವೆಲ್ಡರ್ ಸಾಬರು ಗ್ಯಾಸ್ ಹಚ್ಚಿ ಪೈಪು ಕತ್ತರಿಸಿದರು. ಬಾವಿಗೆ ಬೀಳುವ ನೀರು ನಾನು ಹೇಳಿದಂತೆಯೇ ದಾರದಷ್ಟಾಯಿತು. ನನ್ನ ಎದೆ ಉಬ್ಬಿತು. ಇನ್ನು ಹಳೆಯ ಪಂಪು ಎತ್ತಬೇಕು ಅಂತ ಕ್ರೇನ್ ಕಡೆ ತಿರುಗಿದರೆ, ಡ್ರೈವರ್ ಮಂಜಣ್ಣ ಇಂಜಿನ್ ಬಂದ್ ಮಾಡಿ, ಗಾಜಿಗೆ ಟವೆಲ್ ಇಳಿಬಿಟ್ಟು ಒಳಗೆ ಕೂತಿದ್ದ. ಹೊರಕೆರೆದೇವಪುರದವನು, ಮೆತ್ತಗಿನ ಮನುಷ್ಯ.

"ಯಾಕಪ್ಪ ಮಂಜಣ್ಣ, ಎತ್ತಾಣ ಬಾ" ಎಂದೆ.

"ಗ್ರಹಣ ಬಿಡ್ಲಿ ಯಜಮಾನ್ರೇ."

"ಅದಕ್ಕೇ ಅಲ್ವೇನೋ ಇವತ್ತು ಇಟ್ಕಂಡಿರೋದು. ನೀನೇನು ನಂಬ್ತೀಯಾ ಇವನ್ನೆಲ್ಲ?"

"ನಾನು ನಂಬಲ್ಲ. ಮನೇಲಿ ಹೆಂಡ್ತಿಗೆ ಏಳು ತಿಂಗಳು. ಗ್ರಹಣದಾಗೆ ಗಂಡ ಆದೋನು ಕಡಿಯಂಗಿಲ್ಲ, ಕೀಳಂಗಿಲ್ಲ, ಎತ್ತಂಗಿಲ್ಲ ಅಂತ ಅವ್ಳು ಆಣೆ ಹಾಕಿಸ್ಕಂಡವ್ಳೆ. ಗ್ರಹಣ ಬಿಡೋ ತನಕ ಅವ್ಳು ಕತ್ಲೆ ಕೋಣೆಯಾಗೆ ಕುಂತಿರ್ತಾಳೆ. ನಾನು ಹೆಂಗೆ ಎತ್ಲಿ, ನೀವೇ ಹೇಳ್ರಿ."

 ನನ್ನ ಹೆಂಡತಿ ಬಸುರಿಯಾಗಿದ್ದಾಗ ನಾನೂ ಒಂದು ಗ್ರಹಣಕ್ಕೆ ಸಿ.ಎಲ್. ರಜೆ ಹಾಕಿ ಮನೆಯಲ್ಲಿ ಚಾಪೆ ಮೇಲೆ ಕೂತಿದ್ದವನೇ. ಮೇಡಂ ಎರಡು ಮಾತು ಹೇಳಿ ನೋಡಿದರು, ಅವನು ಇಳಿಯಲಿಲ್ಲ. ಇಡೀ ಊರು ಗ್ರಹಣ ಆಚರಿಸುತ್ತೆ ಅಂತ ಲೆಕ್ಕ ಹಾಕಿದವನಿಗೆ ಕ್ರೇನ್ ಡ್ರೈವರೂ ಅಂಥದೇ ಒಂದು ಊರಿನವನು ಅನ್ನುವುದು ಹೊಳೆದಿರಲಿಲ್ಲ. ಕತ್ತರಿಸಿದ ಪೈಪು ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಹಿಂದಕ್ಕೂ ಹೋಗುವಂತಿಲ್ಲ. ಹನ್ನೊಂದರ ತನಕ ನಾವೆಲ್ಲ ಬಾವಿಯ ಕಟ್ಟೆ ಮೇಲೆ ಕೂತು ಬಿಸಿಲು ಮಂಕಾಗುವುದನ್ನು ನೋಡಿದೆವು.

ಹನ್ನೊಂದಾದ ಮೇಲೆ ಮಂಜಣ್ಣ ಇಳಿದು, ನಲ್ಲಿ ಕೆಳಗೆ ತಲೆ ಮೇಲೆ ಎರಡು ಬಕೆಟ್ ಸುರಿದುಕೊಂಡು, ಒದ್ದೆ ತಲೆಯಲ್ಲೇ ಕ್ರೇನ್ ಹತ್ತಿ ಹಳೆಯ ಪಂಪನ್ನು ಮೊದಲ ಎಳೆತಕ್ಕೇ ಎತ್ತಿದ. ಒಳ್ಳೆಯ ಕೆಲಸಗಾರ. ಅವನು ತಲೆಗೆ ನೀರು ಸುರಿದುಕೊಳ್ಳುವುದನ್ನು ನೋಡಿದಾಗಲೇ ನನಗೆ ನನ್ನ ಲೆಕ್ಕದ ತಪ್ಪು ಹೊಳೆಯಿತು. ಗ್ರಹಣ ಬಿಟ್ಟ ಮೇಲೆ ಇವನೊಬ್ಬನೇ ಮೀಯುವುದಲ್ಲ, ಊರಿಗೆ ಊರೇ ಮೀಯುತ್ತೆ. ಮನೆ ತೊಳೆಯುತ್ತೆ, ದೇವರ ಕೋಣೆ ತೊಳೆಯುತ್ತೆ. ಕೊಡ, ಹಂಡೆ, ಡ್ರಮ್ಮು, ಎಲ್ಲದರಲ್ಲಿದ್ದ ಹಳೆಯ ನೀರನ್ನೂ ಚೆಲ್ಲುತ್ತೆ. ನಲ್ಲಿ ಸರದಿ ಇಲ್ಲದಿದ್ದರೇನಾಯಿತು, ಹಿಂದಿನ ದಿನ ತುಂಬಿಟ್ಟದ್ದೆಲ್ಲ ಒಂದೇ ಗಂಟೆಯಲ್ಲಿ ನಮ್ಮ ಕಡೆ ಬರುತ್ತೆ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲೂ ಮಾಡಿದ ಕೆಲಸ, ನನ್ನ ಲೆಕ್ಕದಲ್ಲಿ ಮಾತ್ರ ಇರಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ ಬಂತು. ಮೊದಲು ಸೋಪಿನ ನೊರೆ, ಹಿಂದೆಯೇ ನೀರು. ಬಾವಿ ನೋಡನೋಡುತ್ತಿದ್ದಂತೆ ಏರತೊಡಗಿತು. ಇನ್ನೂ ಒಂದೂವರೆ ತಾಸಿನ ಕೆಲಸ ಬಾಕಿ ಇತ್ತು. ಮೇಡಂ ನನ್ನ ಮುಖ ನೋಡಿದರು. ಡೀಸೆಲ್ ಪಂಪಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಹತ್ತಿರದಲ್ಲಿ ಡೀಸೆಲ್ ಪಂಪು ಇದ್ದದ್ದು ಒಬ್ಬನ ಹತ್ತಿರ ಮಾತ್ರ, ಪಕ್ಕದ ಹೊಲದ ರಂಗಪ್ಪನ ಹತ್ತಿರ. ಅವನು ನಮ್ಮ ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ಕೊಳಚೆ ನೀರನ್ನು ಕದ್ದು ಮೆಕ್ಕೆಜೋಳಕ್ಕೆ ಹಾಯಿಸುತ್ತಿದ್ದವನು. ಗೊಬ್ಬರವೇ ಬೇಕಾಗಿಲ್ಲ, ಜೋಳ ಆಳುದ್ದ ಬರುತ್ತಿತ್ತು. ಎರಡು ತಿಂಗಳ ಹಿಂದಷ್ಟೇ ನಾನು ಅವನನ್ನು ಹಿಡಿದು, ಪೈಪು ಜಪ್ತಿ ಮಾಡಿ ಸ್ಟೋರಿನಲ್ಲಿ ಬೀಗ ಹಾಕಿ, ದೂರು ಬರೆದಿದ್ದೆ. ಅವತ್ತಿನಿಂದ ಅವನು ನನ್ನನ್ನು ಕಂಡರೆ ಉಗುಳಿ ಹೋಗುತ್ತಿದ್ದ. ಈಗ ಅವನ ಮನೆ ಬಾಗಿಲಿಗೆ ನಾನೇ ಓಡಿದೆ. ಆಗತಾನೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಿಂತಿದ್ದ.

"ರಂಗಪ್ಪ, ನಿನ್ನ ಇಂಜಿನ್ ತಗಂಡು ಬಾ. ಬಾವಿ ತುಂಬ್ತಾ ಐತೆ."

"ಏನು, ಬಂದು ಕದಿ ಅಂತೀಯಾ?"

"ಹ್ಞೂಂ ಕಣಪ್ಪ, ಕದಿ. ಎಷ್ಟು ಬೇಕೋ ಅಷ್ಟು ಕದಿ."

"ಲೇ ಓಬಣ್ಣ, ಗ್ರಹಣದ ಮೈಲಿಗೆ ಈಗ ತೊಳ್ಕಂಡೀನಿ. ಮತ್ತೆ ಆ ಹೊಲಸಿಗೆ ಇಳೀಲಾ?"

"ಹಳ್ಳಕ್ಕೆ ಹೋದ್ರೆ ಕರಿಯಮ್ಮನ ಕುರಿ ಕುಡೀತಾವೆ ಕಣೋ."

ರಂಗಪ್ಪ ಪಂಚೆ ಎತ್ತಿ ಕಟ್ಟಿ, "ಪೈಪು ನಿನ್ ಸ್ಟೋರಿನಾಗೈತಲ್ಲ, ಬೀಗ ತೆಗಿ ನಡಿ" ಎಂದ. ಹತ್ತು ನಿಮಿಷದಲ್ಲಿ ಅವನ ಇಂಜಿನ್ ಬಾವಿಯ ದಡದಲ್ಲಿ ಡುಗುಡುಗು ಎನ್ನುತ್ತಿತ್ತು. ಕೆಸರು ಒಣಗಿಸುವ ಖಾಲಿ ಕಟ್ಟೆಗಳಿಗೆ ನೀರು ಬಿಟ್ಟೆವು. ಬಾವಿ ಏರುವುದು ನಿಧಾನವಾಯಿತು, ಆದರೆ ನಿಲ್ಲಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಹೊಸ ಪಂಪುಗಳಲ್ಲಿ ಒಂದು ಬಾವಿಗೆ ಇಳಿದು ಕೂತಿತು. ನೀರು ಕಂಡಿಗೆ ಒಂದು ಗೇಣು ಕೆಳಗಿತ್ತು. ಮೇಡಂ ಸ್ವಿಚ್ ಒತ್ತಿದರು. ಪಂಪು ಗುಂಯ್ ಎಂದಿತು. ನೀರು ಮಾತ್ರ ಇಳಿಯಲಿಲ್ಲ. ಮೇಡಂ ಪ್ಯಾನಲ್ಲಿನ ಮುಳ್ಳು ನೋಡಿ, "ಉಲ್ಟಾ ತಿರುಗ್ತಿದೆ ಅನ್ಸುತ್ತೆ ಓಬಣ್ಣ, ಲೋಡೇ ತಗೊಳ್ತಿಲ್ಲ. ಎರಡು ವೈರು ಅದಲುಬದಲು ಮಾಡೋಣ" ಎಂದರು. ನಾನು ಸ್ಕ್ರೂಡ್ರೈವರ್ ತೆಗೆದು ಪೈಪಿಗೆ ಒತ್ತಿ ಕಿವಿಯಿಟ್ಟೆ. "ಸರಿಯಾಗೇ ತಿರುಗ್ತೈತೆ ಮೇಡಂ, ಪೈಪಿನಾಗೆ ಗಾಳಿ ಸೇರೈತೆ, ಹೋಗ್ಲಿ ತಡೀರಿ" ಎಂದೆ. ಜಿಲ್ಲೆಗೆಲ್ಲ ಹೆಸರಾದ ಕಿವಿ. ಅವರು ನನ್ನ ಮಾತಿಗೆ ಮರ್ಯಾದೆ ಕೊಟ್ಟು ತಡೆದರು. ಗಾಳಿ ಗೀಳಿ ಏನೂ ಇರಲಿಲ್ಲ. ನಾನು ಕಿವಿಯಿಟ್ಟುಕೊಂಡು ನಿಂತಿದ್ದ ಹಾಗೆಯೇ ಕೊಳಚೆ ಕಂಡಿ ಮುಟ್ಟಿ, ಹೊರಗೆ ಬಿದ್ದು, ಹಳ್ಳದ ದಾರಿ ಹಿಡಿಯಿತು.

ಮೇಡಂ ಇನ್ನು ನನ್ನನ್ನು ಕೇಳಲಿಲ್ಲ. ತಾವೇ ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು, ಎರಡು ವೈರು ಬಿಚ್ಚಿ ಆಚೀಚೆ ಹಾಕಿ ಸ್ವಿಚ್ ಒತ್ತಿದರು. ಈ ಸಲ ಪೈಪು ಅದುರಿತು. ಬಾವಿಯ ನೀರು ಸುಳಿ ಸುತ್ತುತ್ತಾ ಇಳಿಯಿತು. ವೆಲ್ಡರ್ ಸಾಬರು ಚಪ್ಪಾಳೆ ಹೊಡೆದರು. ಕಂಡಿಯಿಂದ ಬೀಳುವುದು ನಿಂತಿತು, ಆದರೆ ಹತ್ತು ನಿಮಿಷದ ಕೊಳಚೆ ಆಗಲೇ ಹೋಗಿಯಾಗಿತ್ತು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ. ಪಂಪು ಬದಲಾದ ದಿನ ಕಿವಿಯನ್ನೂ ಬದಲಿಸಬೇಕು. ನಾನು ಬದಲಿಸಿರಲಿಲ್ಲ.

"ಕೆಳಗೆ ಯಾರಾದ್ರೂ ಆ ನೀರು ಬಳಸ್ತಾರಾ?" ಎಂದು ಮೇಡಂ ಕೇಳಿದರು. ಕರಿಯಮ್ಮನ ಹೆಸರು ಹೇಳಿದೆ. "ಮತ್ತೆ ಇನ್ನೂ ಇಲ್ಲೇ ನಿಂತಿದೀರಲ್ಲ" ಎಂದರು.

ರಂಗಪ್ಪನ ಮೋಟರ್‌ಬೈಕಿನ ಹಿಂದೆ ಗಂಬೂಟಿನಲ್ಲೇ ಹತ್ತಿ ಕೂತೆ. ಹಳ್ಳದ ಪಕ್ಕದ ಬಂಡಿ ಜಾಡಿನಲ್ಲಿ ಅವನು ಓಡಿಸಿದ ಓಟಕ್ಕೆ ನನ್ನ ಸೊಂಟ ಇವತ್ತಿಗೂ ನೆನಪು ಮಾಡಿಕೊಳ್ಳುತ್ತೆ. ಒಂದು ತಿರುವಿನಲ್ಲಿ ನೀರಿನ ಮುಂತುದಿ ಕಂಡಿತು, ನೊರೆ ಹೊತ್ತುಕೊಂಡು ಮರಳಿನ ಮೇಲೆ ತೆವಳುತ್ತಾ ಬರುತ್ತಿತ್ತು. ಅದನ್ನು ದಾಟಿ ಮುಂದೆ ಹೋದೆವು. ಚೆಕ್‌ಡ್ಯಾಮ್ ಹತ್ತಿರ ಬಂದಾಗ ಕುರಿಗಳು ದಿಬ್ಬ ಇಳಿದು ನೀರಿಗೆ ನುಗ್ಗುತ್ತಿದ್ದವು. ನಾನು ಬೈಕಿನಿಂದ ಹಾರಿ, ಎರಡೂ ಕೈ ಅಗಲಿಸಿ ಅಡ್ಡ ನಿಂತು ಹೋ ಹೋ ಎಂದೆ. ಕುರಿಗಳು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಕಾಲ ಸಂದಿಯಲ್ಲಿ ತೂರಿದವು. ಒಂದು ಟಗರು ತೊಡೆಗೆ ಗುದ್ದಿ ನನ್ನನ್ನು ಕೆಸರಿನಲ್ಲಿ ಕೂರಿಸಿತು. ರಂಗಪ್ಪ ಆ ಹೊತ್ತಿನಲ್ಲೂ ನಕ್ಕ.

ದಿಬ್ಬದ ಮೇಲಿನಿಂದ ಕರಿಯಮ್ಮ ಬಾಯಲ್ಲಿ ಒಂದೇ ಒಂದು ಸದ್ದು ಮಾಡಿದಳು. ನೂರಿಪ್ಪತ್ತು ಕುರಿಯೂ ನಿಂತಲ್ಲೇ ನಿಂತವು. ಕೆಳಗಿಳಿದು ಬಂದು, "ಏನಪ್ಪ ಇದು, ಯಾಕಿಂಗೆ ಕುಂತೀಯಾ" ಎಂದಳು.

"ನೀರು ಕುಡಿಸ್ಬೇಡಜ್ಜಿ. ಕೊಳಚೆ ಬರ್ತಾ ಐತೆ. ನನ್ ತಪ್ಪಿನಿಂದ ಆತು. ಎರಡು ದಿನ ಈ ಕಡೆ ಬಿಡ್ಬೇಡ, ಟ್ಯಾಂಕರ್ ನೀರು ನಾನೇ ಕಳಿಸ್ತೀನಿ."

ಅವಳು ಹಳ್ಳದ ಮೇಲ್ಗಡೆ ನೋಡಿದಳು. ನೊರೆ ಅಷ್ಟರಲ್ಲಿ ತಿರುವು ದಾಟಿ ಬರುತ್ತಿತ್ತು. ಕುರಿಗಳನ್ನು ದಿಬ್ಬದ ಕಡೆಗೆ ತಿರುಗಿಸಿದಳು. ಒಂದು ಹನಿಯೂ ಯಾವ ಕುರಿಯ ಬಾಯಿಗೂ ಹೋಗಲಿಲ್ಲ. ನಾನು ಎದ್ದು ಹೊರಡಬಹುದಿತ್ತು, ಬಂದ ಕೆಲಸ ಆಗಿತ್ತು. ಆದರೆ ಇನ್ನೊಂದು ಮಾತು ಬಾಕಿ ಇತ್ತು, ಮೂರು ವರ್ಷದಿಂದ ಬಾಕಿ ಇದ್ದದ್ದು.

"ಅಜ್ಜಿ, ಆ ಒಂಬತ್ತು ಮರಿ ಸತ್ತಾಗ್ಲೂ ಇದೇ ನೀರೇ ಬಂದಿದ್ದು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದೆ."

ಕರಿಯಮ್ಮ ಕೋಲು ಊರಿ ನಿಂತಳು. ಸಿಟ್ಟೇನೂ ಮುಖದಲ್ಲಿ ಕಾಣಲಿಲ್ಲ.

"ಮರಿ ಸತ್ತಾವೆ ಅಂತ ನಾನು ಇನ್ನೂ ಯಾರಿಗೂ ಹೇಳಿರ್ಲಿಲ್ಲ" ಎಂದಳು. "ಅಷ್ಟೊತ್ತಿಗೇ ನೀನು ಮಾತ್ರೆ ಹಿಡ್ಕಂಡು ಬಂದಿದ್ದೆ. ನಂಗೆ ಅವತ್ತೇ ಗೊತ್ತಾತು ಕಣಪ್ಪ. ನೀನು ಯಾವಾಗ ಹೇಳ್ತೀಯಾ ಅಂತ ನೋಡ್ತಿದ್ದೆ."